ಮಣ್ಣು ಮತ್ತು ಭೂಮಿ ನಿರ್ಣಯ ಸ್ಪರ್ಧೆಗಳು

ವಿದ್ಯಾರ್ಥಿಗಳು ಹೊಲಕ್ಕಿಳಿದು, ತೋಡಿಟ್ಟ ಗುಂಡಿಯ ಗೋಡೆಯನ್ನು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ, ಅದು ಯಾವ ಬಗೆಯ ಮಣ್ಣು, ಆ ಭೂಮಿ ಯಾವ ಕೆಲಸಕ್ಕೆ ಒದಗುತ್ತದೆ ಎಂದು ಗೊತ್ತುಪಡಿಸಿದ ಸಮಯದೊಳಗೆ ಬರೆದುಕೊಡುವ ಸ್ಪರ್ಧೆ. 1940ರ ದಶಕದಲ್ಲಿ ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ ಬೇರೂರಿತು. ಇದಕ್ಕೆ ಎರಡು ಕವಲುಗಳಿವೆ: ಪ್ರೌಢಶಾಲೆಯ ಮಕ್ಕಳ ಭೂಮಿ ನಿರ್ಣಯ ಮತ್ತು ಕಾಲೇಜು ವಿದ್ಯಾರ್ಥಿಗಳ ಮಣ್ಣು ನಿರ್ಣಯ. ಗೊಬ್ಬರದ ಪ್ರಮಾಣ ತಿಳಿಯಲು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವ ಮಣ್ಣು ಪರೀಕ್ಷೆಯೇ ಬೇರೆ, ಇದೇ ಬೇರೆ. ಇಲ್ಲಿ ಪ್ರಯೋಗಾಲಯದ ಕೆಲಸವನ್ನು ಬಹುಮಟ್ಟಿಗೆ ಬೆರಳುಗಳೇ ಮಾಡಬೇಕು.

ಭೂಮಿಗಿಂತ ಮೊದಲು ಅಮೆರಿಕದ ಹಳ್ಳಿಹುಡುಗರು ಅಂಕ ಕೊಡಲು ಕಲಿತದ್ದು ದನಗಳಿಗೆ. 1917ರ ಸ್ಮಿತ್-ಹ್ಯೂಸ್ ಕಾಯ್ದೆಯಿಂದ ಪ್ರೌಢಶಾಲೆಗಳಲ್ಲಿ ಕೃಷಿ ಶಿಕ್ಷಣಕ್ಕೆ ಕೇಂದ್ರದ ಹಣ ಬಂತು. 1926ರಲ್ಲಿ ಕಾನ್ಸಾಸ್ ಸಿಟಿಯ ಜಾನುವಾರು ಪ್ರದರ್ಶನದಲ್ಲಿ ಈ ಶಾಲೆಗಳ ಹುಡುಗರಿಗಾಗಿ ರಾಷ್ಟ್ರಮಟ್ಟದ ಜಾನುವಾರು ನಿರ್ಣಯ ಸ್ಪರ್ಧೆ ನಡೆಯಿತು. ಅದೇ ಊರಿನಲ್ಲಿ 1928ರಲ್ಲಿ ಎಫ್‌ಎಫ್‌ಎ ಎಂದು ಹೆಸರಾದ ಕೃಷಿ ವಿದ್ಯಾರ್ಥಿ ಸಂಘಟನೆ ಹುಟ್ಟಿತು. ನಾಲ್ಕು ಹಸುಗಳನ್ನು ಸಾಲಾಗಿ ನಿಲ್ಲಿಸಿ ಯಾವುದು ಮೇಲು, ಏಕೆ ಮೇಲು ಎಂದು ಕೇಳಬಹುದಾದರೆ ನಾಲ್ಕು ಹೊಲಗಳ ಬಗ್ಗೆಯೂ ಕೇಳಬಹುದಲ್ಲ? ಭೂಮಿ ನಿರ್ಣಯದ ಬೀಜ ಇಷ್ಟೇ.

ಅದು ಮೊಳೆತ ಜಾಗ ಒಕ್ಲಹೋಮದ ಗಥ್ರಿ ಪಟ್ಟಣದ ಹತ್ತಿರದ ಕೆಂಪು ಬಯಲು. 1889ರ ಏಪ್ರಿಲ್ 22ರ ಮಧ್ಯಾಹ್ನ ಸರ್ಕಾರ ಇಲ್ಲಿನ ಜಮೀನನ್ನು ಮೊದಲು ಬಂದವರಿಗೆ ಬಿಟ್ಟುಕೊಟ್ಟಾಗ ಸಾವಿರಾರು ಜನ ಕುದುರೆ, ಗಾಡಿಗಳಲ್ಲಿ ನುಗ್ಗಿ ಗೂಟ ನೆಟ್ಟರು. ಗಥ್ರಿ ಒಂದೇ ದಿನದಲ್ಲಿ ಊರಾಯಿತು. ಗೂಟ ನೆಡುವ ಆ ಧಾವಂತದಲ್ಲಿ ಕೆಳಗಿನ ಮಣ್ಣು ಎಂಥದೆಂದು ನೋಡಲು ಯಾರಿಗೆ ಪುರಸೊತ್ತು? ಇಳಿಜಾರಿನಲ್ಲೂ ಹತ್ತಿ ಬಿತ್ತಿದರು, ಮೇಲ್ಮಣ್ಣು ಮಳೆಗೆ ಕೊಚ್ಚಿಹೋಯಿತು, ಹೊಲಗಳಲ್ಲಿ ಆಳವಾದ ಕೊರಕಲುಗಳೆದ್ದವು. ಒಕ್ಲಹೋಮ ಎಂದರೆ 1930ರ ದಶಕದ ಧೂಳಿನ ಬಿರುಗಾಳಿಯೇ ಎಲ್ಲರಿಗೂ ನೆನಪಾಗುವುದು. ಆದರೆ ಅದರ ಹಾವಳಿ ಮುಖ್ಯವಾಗಿ ರಾಜ್ಯದ ಪಶ್ಚಿಮದ ತುದಿಯಲ್ಲಿ. ಗಥ್ರಿಯ ಸುತ್ತ ಹೊಲ ತಿಂದದ್ದು ನೀರು. ಸವಕಳಿಯ ಅಧ್ಯಯನಕ್ಕೆಂದು 1929ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. 1935ರಲ್ಲಿ ಹ್ಯೂ ಹ್ಯಾಮಂಡ್ ಬೆನೆಟ್ ನೇತೃತ್ವದಲ್ಲಿ ರಾಷ್ಟ್ರೀಯ ಮಣ್ಣು ಸಂರಕ್ಷಣಾ ಇಲಾಖೆಯೂ ಬಂತು.

ವಿಜ್ಞಾನಿಗಳಿಗೆ ತಿಳಿದದ್ದನ್ನು ರೈತನ ಮನೆಗೆ ಮುಟ್ಟಿಸುವುದು ಹೇಗೆಂಬುದು ಮುಂದಿನ ಪ್ರಶ್ನೆ. ಒಕ್ಲಹೋಮ ಕೃಷಿ ಕಾಲೇಜಿನ ವಿಸ್ತರಣಾ ತಜ್ಞ ಎಡ್ ರಾಬರ್ಟ್ಸ್ ಮತ್ತು ಗಥ್ರಿ ಕೇಂದ್ರದ ಹಾರ್ಲಿ ಡೇನಿಯಲ್ ದನಗಳ ಸ್ಪರ್ಧೆಯ ಅಂಕಪಟ್ಟಿಯನ್ನು ಹೊಲಕ್ಕೆ ಹೊಂದಿಸಿದರು. ಅಪ್ಪನಿಗೆ ಭಾಷಣ ಮಾಡುವುದಕ್ಕಿಂತ ಮಗನನ್ನು ಸ್ಪರ್ಧೆಗಿಳಿಸುವುದು ಸುಲಭ ಎಂಬ ಈ ಉಪಾಯ ಫಲಿಸಿತು. 1952ರಿಂದ ಒಕ್ಲಹೋಮ ಸಿಟಿಯಲ್ಲಿ ರಾಷ್ಟ್ರೀಯ ಸ್ಪರ್ಧೆ ಆರಂಭವಾಯಿತು. ಹುಲ್ಲುಗಾವಲು ನಿರ್ಣಯವೂ ಆಮೇಲೆ ಅದರ ಜೊತೆ ಸೇರಿಕೊಂಡಿತು.

ಈ ಸ್ಪರ್ಧೆಯ ಬೆನ್ನೆಲುಬು ಭೂಮಿಯ ಎಂಟು ದರ್ಜೆಗಳ ವರ್ಗೀಕರಣ. ಮೊದಲ ನಾಲ್ಕು ದರ್ಜೆ ಉಳುಮೆಗೆ ಸಲ್ಲುತ್ತವೆ, ದರ್ಜೆ ಇಳಿದಂತೆ ಎಚ್ಚರಿಕೆ ಹೆಚ್ಚಬೇಕು. ಐದರಿಂದ ಎಂಟರವರೆಗಿನದು ಹುಲ್ಲಿಗೆ, ಮರಕ್ಕೆ, ಕಾಡುಪ್ರಾಣಿಗೆ. ಸ್ಪರ್ಧಿ ಮೇಲ್ಮಣ್ಣಿನ ಬಗೆ, ಮಣ್ಣಿನ ಆಳ, ಇಳಿಜಾರು, ಆಗಲೇ ಆಗಿರುವ ಸವಕಳಿ, ನೀರು ಇಂಗುವ ವೇಗ, ಹರಿದುಹೋಗುವ ಬಗೆ ಎಲ್ಲವನ್ನೂ ಗುರುತಿಸಿ ದರ್ಜೆ ಹೇಳುತ್ತಾನೆ. ಹೊಲದಲ್ಲಿ ನೂರು ಅಡಿ ಅಂತರಕ್ಕೆ ನೆಟ್ಟ ಎರಡು ಗೂಟಗಳ ನಡುವಿನ ಏರಿಳಿತವನ್ನು ಅಂದಾಜಿಸಿದರೆ ಇಳಿಜಾರು ನೇರವಾಗಿ ಶೇಕಡಾದಲ್ಲೇ ಸಿಗುತ್ತದೆ. ಅಷ್ಟಕ್ಕೆ ಮುಗಿಯದೆ ಬದು ಹಾಕಬೇಕೇ, ಹುಲ್ಲು ಬೆಳೆಸಬೇಕೇ ಎಂದು ಚಿಕಿತ್ಸೆಯನ್ನೂ ಬರೆಯಬೇಕು.

ಕಾಲೇಜುಗಳ ಸ್ಪರ್ಧೆಗೆ ಈ ಕೊನೆಯ ಭಾಗಕ್ಕಿಂತ ಮಣ್ಣಿನ ಹುಟ್ಟು, ಜಾತಿಯ ಮೇಲೆ ಕಣ್ಣು. 1956ರಲ್ಲಿ ಆಗ್ನೇಯ ರಾಜ್ಯಗಳ ವಿಶ್ವವಿದ್ಯಾಲಯಗಳ ನಡುವೆ ಆರಂಭವಾಗಿ, 1961ರ ಹೊತ್ತಿಗೆ ರಾಷ್ಟ್ರಮಟ್ಟಕ್ಕೆ ಏರಿತು. ಶರತ್ಕಾಲದಲ್ಲಿ ಪ್ರಾದೇಶಿಕ ಸುತ್ತು, ವಸಂತದಲ್ಲಿ ಅಂತಿಮ ಸುತ್ತು. ಆತಿಥೇಯ ವಿಶ್ವವಿದ್ಯಾಲಯ ಪ್ರತಿ ವರ್ಷ ಬದಲಾಗುವುದೇ ಇದರ ಕಷ್ಟ, ಇದರ ಸೊಗಸು ಕೂಡ. ತನ್ನೂರಿನ ಮಣ್ಣಿನಲ್ಲಿ ಪಳಗಿದ ಬೆರಳು ಬೇರೆ ಊರಿನಲ್ಲಿ ಮೋಸ ಹೋಗುತ್ತದೆ. ಅದಕ್ಕೇ ತಂಡಗಳು ಕೆಲವು ದಿನ ಮೊದಲೇ ಬಂದು ಅಭ್ಯಾಸದ ಗುಂಡಿಗಳಲ್ಲಿ ಕೈ ಪಳಗಿಸಿಕೊಳ್ಳುತ್ತವೆ.

ಸ್ಪರ್ಧೆಯ ಗುಂಡಿ ಆಳೆತ್ತರದ ಆಸುಪಾಸು. ಗೋಡೆಯ ಒಂದು ಭಾಗವನ್ನು ಪಟ್ಟಿ ಕಟ್ಟಿ ಕಾಯ್ದಿಡುತ್ತಾರೆ, ಅದನ್ನು ಯಾರೂ ಕೆರೆಯುವಂತಿಲ್ಲ. ಒಂದು ಪದರದಲ್ಲಿ ಮೊಳೆ ಹೊಡೆದಿರುತ್ತದೆ, ಅದರ ಆಳವನ್ನು ಮೊದಲೇ ತಿಳಿಸಿರುತ್ತಾರೆ. ಉಳಿದ ಪದರಗಳು ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತವೆಂದು ಕಂಡುಕೊಳ್ಳುವುದು ಸ್ಪರ್ಧಿಯ ಪಾಡು. ಸುಮಾರು ಒಂದು ಗಂಟೆಯ ಅವಧಿ. ಅರ್ಧ ಜನ ಗುಂಡಿಯೊಳಗೆ, ಅರ್ಧ ಜನ ಮೇಲೆ, ಸರದಿಯಂತೆ ಅದಲು ಬದಲು. ಹಿಡಿ ಮಣ್ಣಿಗೆ ನೀರು ಚಿಮುಕಿಸಿ ನಾದಿ, ಹೆಬ್ಬೆರಳಿನಿಂದ ಒತ್ತಿ ಪಟ್ಟಿ ಎಳೆಯುತ್ತಾರೆ. ಜೇಡಿ ಹೆಚ್ಚಿದ್ದರೆ ಪಟ್ಟಿ ಉದ್ದ ಬರುತ್ತದೆ, ಮರಳಿದ್ದರೆ ತರಿತರಿ ಎನ್ನುತ್ತದೆ, ಹೂಳಾದರೆ ಹಿಟ್ಟಿನಂತೆ ನುಣುಪು. ಬಣ್ಣಕ್ಕೆ ಮನ್ಸೆಲ್ ಬಣ್ಣದ ಪುಸ್ತಕವಿದೆ, ಸುಣ್ಣಕ್ಕೆ ಆಮ್ಲದ ಸೀಸೆ. ಹನಿ ಬಿದ್ದಾಗ ನೊರೆ ಎದ್ದರೆ ಸುಣ್ಣವಿದೆ. ಬೂದು ಬಣ್ಣದ ಮಚ್ಚೆಗಳು ಕಂಡರೆ ಅಲ್ಲಿ ನೀರು ನಿಲ್ಲುತ್ತಿತ್ತೆಂದು ಅರ್ಥ, ಗುಂಡಿ ಅಂದು ಒಣಗಿದ್ದರೂ ಸರಿ. ಅನುಭವಿ ಮಣ್ಣು ವಿಜ್ಞಾನಿಗಳು ಮುಂಚೆಯೇ ಬರೆದಿಟ್ಟ ವಿವರಣೆಯೇ ಸರಿಯುತ್ತರ. ಜೇಡಿಯ ಶೇಕಡಾವಾರು ಅಂದಾಜಿನಲ್ಲಿ ಒಂದಿಷ್ಟು ಹೆಚ್ಚುಕಡಿಮೆಗೆ ರಿಯಾಯಿತಿ ಉಂಟು.

ಅಂಕಪಟ್ಟಿಯ ಕೊನೆಯ ಪುಟ ಓದಿದರೆ ಆ ದೇಶ ನೆಲದಿಂದ ಏನು ಬಯಸುತ್ತದೆಂಬುದು ಕಾಣುತ್ತದೆ. ಮೊದಲು ಕೇಳುತ್ತಿದ್ದುದು ಹತ್ತಿ, ಗೋಧಿ, ಬದುಗಳ ಮಾತು. ಹೊಲಗಳ ಕಡೆಗೂ ನಗರ ಹಬ್ಬಿದಂತೆ ಮನೆಯ ಪಾಯ ನಿಲ್ಲುತ್ತದೆಯೇ, ರಸ್ತೆ ಕುಸಿಯುತ್ತದೆಯೇ, ಸೆಪ್ಟಿಕ್ ಟ್ಯಾಂಕಿನ ನೀರನ್ನು ನೆಲ ಹೀರುತ್ತದೆಯೇ ಎಂಬ ಪ್ರಶ್ನೆಗಳು ಸೇರಿದವು. ಪ್ರೌಢಶಾಲೆಯ ಸ್ಪರ್ಧೆಯಲ್ಲೂ ಮನೆ ನಿವೇಶನದ ನಿರ್ಣಯಕ್ಕೆ ಪ್ರತ್ಯೇಕ ವಿಭಾಗವೇ ಬಂತು. ಕಾಲೇಜಿನ ಪಟ್ಟಿಯನ್ನು ಬದಲಿಸಿದ ಇನ್ನೊಂದು ಸಂಗತಿ 1975ರಲ್ಲಿ ಪ್ರಕಟವಾದ ಅಮೆರಿಕದ ಮಣ್ಣು ವರ್ಗೀಕರಣ ಗ್ರಂಥ. ಲ್ಯಾಟಿನ್, ಗ್ರೀಕ್ ತುಣುಕುಗಳನ್ನು ಹೆಣೆದ ಅದರ ಹೆಸರುಗಳನ್ನು ಉರು ಹೊಡೆಯುವುದು ಅಂದಿನಿಂದ ಸ್ಪರ್ಧಿಗಳ ಪಾಲಿಗೆ ಬಂದ ತಲೆನೋವು.

ಅಂತರರಾಷ್ಟ್ರೀಯ ಸ್ಪರ್ಧೆ ತಡವಾಗಿ ಬಂತು. 2014ರಲ್ಲಿ ವಿಶ್ವ ಮಣ್ಣು ವಿಜ್ಞಾನ ಸಮ್ಮೇಳನದ ಜೊತೆಗೆ ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಮೊದಲನೆಯದು ನಡೆಯಿತು. ಅದು ಜ್ವಾಲಾಮುಖಿಯ ದ್ವೀಪ, ಅಲ್ಲಿನ ಬೂದಿಮಣ್ಣು ಹಲವರ ಬೆರಳುಗಳಿಗೆ ಹೊಸದು. 2015ರಲ್ಲಿ ಹಂಗೆರಿ, 2018ರಲ್ಲಿ ಬ್ರೆಜಿಲ್, 2022ರಲ್ಲಿ ಸ್ಕಾಟ್ಲೆಂಡ್ ಆತಿಥ್ಯ ವಹಿಸಿದವು.

ಈ ಸ್ಪರ್ಧೆಗಳ ಪರಿಭಾಷೆ ಕರ್ನಾಟಕಕ್ಕೆ ಅಪರಿಚಿತವಲ್ಲ. ಎಂಟು ದರ್ಜೆಗಳ ಆ ವರ್ಗೀಕರಣವನ್ನು ಭಾರತದ ಮಣ್ಣು ಸಮೀಕ್ಷೆಗಳೂ ಬಳಸುತ್ತವೆ; ಸುಜಲ ಜಲಾನಯನ ಯೋಜನೆಯ ಭೂಸಂಪನ್ಮೂಲ ಸಮೀಕ್ಷೆಗಳಲ್ಲೂ ಅದೇ ದರ್ಜೆಗಳಿವೆ. ಟೆಕ್ಸಸ್‌ನ ಕಪ್ಪು ಜೇಡಿಯ ಗುಂಡಿಯಲ್ಲಿ ಸ್ಪರ್ಧಿ ಹುಡುಕುವುದು ಒಂದರ ಮೇಲೊಂದು ಉಜ್ಜಿ ಸರಿದು ಹೊಳಪೇರಿದ ಮಣ್ಣಿನ ಮೈಗಳನ್ನು. ಅವು ಸಿಕ್ಕರೆ 'ವರ್ಟಿಸಾಲ್' ಎಂದು ಬರೆಯುತ್ತಾನೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗೆ ಉಬ್ಬುವ ಧಾರವಾಡ, ವಿಜಯಪುರದ ಕಡೆಯ ಆಳವಾದ ಎರೆಭೂಮಿಯೂ ಅದೇ ಜಾತಿಗೆ ಸೇರಿದ್ದು.