ಸೌದೆ ಒಲೆಯಿಂದ ಸುಸ್ಥಿರ ತಂತ್ರಜ್ಞಾನದವರೆಗೆ: 'ಅಸ್ತ್ರ' ನಡೆದ ಹಾದಿ

'ಸುಸ್ಥಿರ ಅಭಿವೃದ್ಧಿ' ಎಂಬ ಮಾತು ಜಗತ್ತಿನಾದ್ಯಂತ ಬಳಕೆಗೆ ಬಂದದ್ದು 1987ರ ಬ್ರಂಟ್‌ಲೆಂಡ್ ಆಯೋಗದ ವರದಿಯ ನಂತರ. ಅದಕ್ಕೆ 13 ವರ್ಷ ಮೊದಲೇ, ಅಂದರೆ 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಕಾರ್ಯಕ್ರಮ ಪ್ರಾರಂಭವಾಯಿತು. 'ಅಪ್ಲಿಕೇಶನ್ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿ ಟು ರೂರಲ್ ಏರಿಯಾಸ್' ಎಂಬುದರ ಹ್ರಸ್ವರೂಪವಿದು. ವಿವಿಧ ವಿಭಾಗಗಳ ವಿಜ್ಞಾನಿಗಳು ಒಂದೇ ಸಮಸ್ಯೆಯ ಸುತ್ತ ಕೂಡಿ ಕೆಲಸ ಮಾಡುವುದು ಹೇಗೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊರೆಯುವ ಉತ್ತಮ ನಿದರ್ಶನ ಇದು.

ಇದರ ರೂವಾರಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ (1930–2006). ಬೆಂಗಳೂರಿನಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು ವಿದ್ಯುತ್ ರಸಾಯನ ವಿಜ್ಞಾನದಲ್ಲಿ ವಿಶ್ವಮಾನ್ಯರು. ಬಾಕ್ರಿಸ್ ಅವರೊಂದಿಗೆ ಬರೆದು 1970ರಲ್ಲಿ ಪ್ರಕಟಿಸಿದ 'ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ' ಗ್ರಂಥವನ್ನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಇಂಥವರು ಸಗಣಿ, ಸೌದೆ, ಮಣ್ಣುಗಳತ್ತ ಹೊರಳಿದಾಗ 'ಇದು ವಿಜ್ಞಾನವೇ?' ಎಂಬ ಪ್ರಶ್ನೆ ಏಳುವುದು ಸಹಜ. ಅಸ್ತ್ರದ ಇತಿಹಾಸವೆಲ್ಲ ಈ ಪ್ರಶ್ನೆಗೆ ಕೊಟ್ಟ ಉತ್ತರವೆನ್ನಬಹುದು. ಆಗ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರ ಅವಧಿಯಲ್ಲಿ ಈ ಹೊಸ ಕೆಲಸಕ್ಕೆ ಸಂಸ್ಥೆಯೊಳಗೆ ಜಾಗ ದೊರೆಯಿತು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಗೂ ರೆಡ್ಡಿಯವರೇ ಮೊದಲ ಕಾರ್ಯದರ್ಶಿ.

ಮೊದಲು ಅಳತೆ, ನಂತರ ಪರಿಹಾರ

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರ ತನ್ನ ವಿಸ್ತರಣಾ ಕೇಂದ್ರವನ್ನು ತೆರೆಯಿತು. ಸುತ್ತಲಿನ ಆರು ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಮನೆಮನೆಗೂ ಹೋಗಿ ಅಳೆಯಲಾಯಿತು. ಸೌದೆಯನ್ನು ತೂಗಿದರು, ನೀರು, ಸೌದೆ ತರಲು ಯಾರು ಎಷ್ಟು ಹೊತ್ತು ನಡೆಯುತ್ತಾರೆಂದು ಲೆಕ್ಕವಿಟ್ಟರು. ಪುರ ಎಂಬ ಹಳ್ಳಿಯಲ್ಲಿ ಬಳಕೆಯಾಗುವ ಶಕ್ತಿಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಸೌದೆಯಿಂದಲೇ ಬರುತ್ತಿತ್ತು. ವಿದ್ಯುತ್ತು ಹಾಗೂ ಸೀಮೆಎಣ್ಣೆಯ ಪಾಲು ಅತ್ಯಲ್ಪ. ಮಾನವ ಶ್ರಮದಲ್ಲಿ ಹೆಂಗಸರ ಪಾಲೇ ದೊಡ್ಡದು. ದೇಶದ ಶಕ್ತಿ ಯೋಜನೆಗಳು ಕಲ್ಲಿದ್ದಲು, ತೈಲ, ವಿದ್ಯುತ್ತುಗಳನ್ನು ಲೆಕ್ಕ ಹಾಕುತ್ತಿದ್ದವೇ ಹೊರತು ಅಡುಗೆಮನೆಯ ಬೆಂಕಿಯನ್ನಲ್ಲ. ಹಳ್ಳಿಯ ಶಕ್ತಿ ಸಮಸ್ಯೆಯೆಂದರೆ ಮುಖ್ಯವಾಗಿ ಅಡುಗೆಯ ಸಮಸ್ಯೆ ಎಂಬುದನ್ನು ಈ ಅಳತೆಗಳು ತೋರಿಸಿಕೊಟ್ಟವು.

ಒಲೆಯ ಭೌತವಿಜ್ಞಾನ

ಒಂದು ಸರಳ ಲೆಕ್ಕ ನೋಡೋಣ. 2 ಲೀಟರ್ ನೀರನ್ನು 25 ಡಿಗ್ರಿಯಿಂದ 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಬೇಕಾದ ಉಷ್ಣ 2 × 4.2 × 70, ಅಂದರೆ 588 ಕಿಲೋಜೂಲ್. ಒಣ ಸೌದೆಯ ಉಷ್ಣಮೌಲ್ಯ ಕಿಲೋಗ್ರಾಮಿಗೆ ಸುಮಾರು 16,000 ಕಿಲೋಜೂಲ್. ಇಷ್ಟು ನೀರಿಗೆ ಅರ್ಧ ಕಿಲೋ ಸೌದೆ ಉರಿಸಿದರೆ ಖರ್ಚಾದದ್ದು 8,000 ಕಿಲೋಜೂಲ್. ಒಲೆಯ ದಕ್ಷತೆ ಶೇಕಡ 7ರಷ್ಟು ಮಾತ್ರ. ಉಳಿದದ್ದೆಲ್ಲ ಹೊಗೆಯಾಗಿ, ಬಿಸಿಗಾಳಿಯಾಗಿ ಹೋಯಿತು.

ಅಸ್ತ್ರದ ತಂಡ ಈ ನಷ್ಟಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯಿತು. ಉರಿಯುವ ಜಾಗವನ್ನು ಮುಚ್ಚಿ ಬಾಗಿಲಿಡಲಾಯಿತು. ಕೆಳಗೆ ಜಾಲರಿಯಿಟ್ಟು, ಒಳಬರುವ ಗಾಳಿಯನ್ನು ಅಗತ್ಯವಿದ್ದಷ್ಟಕ್ಕೇ ಮಿತಗೊಳಿಸಲಾಯಿತು. ಹೊರಹೋಗುವ ಬಿಸಿ ಅನಿಲ ಎರಡನೆಯ ಮತ್ತು ಮೂರನೆಯ ಪಾತ್ರೆಗಳ ತಳಕ್ಕೆ ತಾಗಿಕೊಂಡು ಹೋಗುವಂತೆ ದಾರಿ ಮಾಡಲಾಯಿತು. ಒಳಗಿನ ಬಿಸಿ ಅನಿಲ ಹೊರಗಿನ ಗಾಳಿಗಿಂತ ಹಗುರವಾದ್ದರಿಂದ ಚಿಮಣಿ ಹೊಗೆಯನ್ನು ಎಳೆದು ಮನೆಯಿಂದಾಚೆ ಬಿಡುತ್ತದೆ. ಹೀಗೆ 1980ರ ದಶಕದ ಆರಂಭದಲ್ಲಿ ರೂಪುಗೊಂಡದ್ದೇ ಮೂರು ಪಾತ್ರೆಗಳ 'ಅಸ್ತ್ರ ಒಲೆ'. ಮುದ್ದೆ, ಸಾರು, ಬಿಸಿನೀರು ಒಟ್ಟಿಗೆ ಬೇಕಾದ ಮನೆಗೆ ಇದು ಒಪ್ಪುವ ವಿನ್ಯಾಸ. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇಕಡ 40ನ್ನು ದಾಟಿತು. ಹಳ್ಳಿಯ ಮನೆಯಲ್ಲಿ ಅಷ್ಟು ದೊರೆಯುವುದು ಒಲೆ ಕಟ್ಟಿದ ರೀತಿ, ಸೌದೆಯ ತೇವಾಂಶ, ಬಳಸುವ ಕ್ರಮ ಇವುಗಳನ್ನೆಲ್ಲ ಅವಲಂಬಿಸಿರುತ್ತದೆ.

ಇದೇ ಕ್ರಮ ಬೇರೆಡೆಯೂ ಫಲ ಕೊಟ್ಟಿತು. ಗೋಬರ್ ಅನಿಲ ಸ್ಥಾವರದ ಆಯಾಮಗಳನ್ನೂ ಉಷ್ಣ ನಷ್ಟವನ್ನೂ ವಿಶ್ಲೇಷಿಸಿದ ಪ್ರಬಂಧಗಳು 1979ರಲ್ಲಿ ಪ್ರಕಟವಾದವು. ಸ್ಥಾವರಕ್ಕೆ ಸೌರ ಜಲತಾಪಕವನ್ನು ಜೋಡಿಸುವ ವಿನ್ಯಾಸವೂ ಅವುಗಳಲ್ಲಿತ್ತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದ ಸಿವಿಲ್ ಎಂಜಿನಿಯರುಗಳು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಗಳನ್ನು ಅಭಿವೃದ್ಧಿಪಡಿಸಿದರು. ಇವನ್ನು ಸುಡಬೇಕಾಗಿಲ್ಲ. ಶೇಕಡ 6ರಿಂದ 8ರಷ್ಟು ಸಿಮೆಂಟು ಸೇರಿಸಿದ ಇಟ್ಟಿಗೆಗೆ ತಗಲುವ ಶಕ್ತಿ, ಸುಟ್ಟ ಇಟ್ಟಿಗೆಯದರ ಸುಮಾರು ಕಾಲು ಭಾಗ. ರಾಕೆಟ್ಟಿನ ದಹನವನ್ನು ಬಲ್ಲ ಎಚ್.ಎಸ್. ಮುಕುಂದ ಅವರ ತಂಡ ಸೌದೆಯನ್ನು ಅನಿಲವಾಗಿಸುವ ಗ್ಯಾಸಿಫೈಯರನ್ನು ರೂಪಿಸಿತು. 1988ರಲ್ಲಿ ಅದು ಹೊಸಹಳ್ಳಿಗೆ ಬೆಳಕು ನೀಡತೊಡಗಿತು. ಅದಕ್ಕೆ ಬೇಕಾದ ಸೌದೆಗಾಗಿ ಊರಿನಲ್ಲೇ ನೆಡುತೋಪು ಬೆಳೆಸಲಾಯಿತು.

ಪುರದ ಪಾಠ

ಪುರದ ಸಮುದಾಯ ಗೋಬರ್ ಅನಿಲ ಯೋಜನೆಯ ಕಥೆ ಹೆಚ್ಚು ಬೋಧಪ್ರದ. ಮೊದಲ ಉದ್ದೇಶ ಅಡುಗೆಗೆ ಅನಿಲ ಒದಗಿಸುವುದು. ಒಂದು ಕಿಲೋ ಸಗಣಿಯಿಂದ ದೊರೆಯುವ ಅನಿಲ ಸುಮಾರು 35ರಿಂದ 40 ಲೀಟರ್. ಒಬ್ಬರ ಅಡುಗೆಗೆ ದಿನಕ್ಕೆ ಬೇಕಾದದ್ದು ಸುಮಾರು 250 ಲೀಟರ್. ಎಂದರೆ ತಲೆಗೆ ಆರೇಳು ಕಿಲೋ ಸಗಣಿ ಬೇಕು. ಅಷ್ಟು ಸಗಣಿ ಕೂಡಲಿಲ್ಲ. ಊರವರ ಮೊದಲ ಬೇಡಿಕೆಯಾದರೋ ಅಡುಗೆ ಅನಿಲವಲ್ಲ, ಕುಡಿಯುವ ನೀರು. ಆಗ ಯೋಜನೆಯನ್ನೇ ಬದಲಿಸಲಾಯಿತು. 1987ರಿಂದ ಅನಿಲ, ಜೊತೆಗೆ ಸ್ವಲ್ಪ ಡೀಸೆಲ್ ಬಳಸಿ ಎಂಜಿನ್ ನಡೆಸಿ, ವಿದ್ಯುತ್ ಉತ್ಪಾದಿಸಿ, ಕೊಳವೆ ಬಾವಿಯ ನೀರನ್ನೂ ದೀಪಗಳನ್ನೂ ಒದಗಿಸಲಾಯಿತು. ಮನೆಗಳವರು ಸಗಣಿ ತಂದುಕೊಟ್ಟು, ಅನಿಲ ತೆಗೆದ ನಂತರ ಉಳಿದ ಗೊಬ್ಬರವನ್ನು ಒಯ್ಯುತ್ತಿದ್ದರು. ನಿರ್ವಹಣೆ ಗ್ರಾಮದ ಸಮಿತಿಯದು.

ಈ ವ್ಯವಸ್ಥೆ ಸುಮಾರು ಒಂದು ದಶಕ ನಡೆದು ನಿಂತುಹೋಯಿತು. ತಂತ್ರಜ್ಞಾನ ಸರಿಯಾಗಿದ್ದರೂ ಶುಲ್ಕ, ನಿರ್ವಹಣೆ, ಸಂಸ್ಥೆಗಳ ಹೊಣೆಗಾರಿಕೆ ಇವು ಸರಿಯಿರದಿದ್ದರೆ ಸ್ಥಾವರ ಉಳಿಯದು. 2004ರಲ್ಲಿ ರೆಡ್ಡಿಯವರು ಪುರದ ಪಾಠಗಳನ್ನೇ ವಿಷಯವಾಗಿಸಿ ಪ್ರಬಂಧ ಬರೆದರು. ನಿಂತುಹೋದ ಪ್ರಯೋಗವನ್ನೂ ದತ್ತಾಂಶವೆಂದು ಪರಿಗಣಿಸುವುದು ವಿಜ್ಞಾನದ ಮನೋಧರ್ಮ.

ಹಳ್ಳಿಯಲ್ಲಿ ಕಲಿತ ಕ್ರಮ ರಾಜ್ಯದ ಯೋಜನೆಗೂ ಅನ್ವಯವಾಯಿತು. ಎಷ್ಟು ವಿದ್ಯುತ್ ಉತ್ಪಾದಿಸಬೇಕೆಂದು ಕೇಳುವ ಮೊದಲು, ಯಾವ ಕೆಲಸಕ್ಕೆ ಎಷ್ಟು ಬೇಕೆಂದು ಕೇಳಿ 1991ರಲ್ಲಿ ಕರ್ನಾಟಕಕ್ಕೆ ಸಿದ್ಧಪಡಿಸಿದ ಮುನ್ನೋಟದಲ್ಲಿ, 2000ನೇ ಇಸವಿಗೆ ಬೇಕಾಗುವ ವಿದ್ಯುತ್ತು ಅಧಿಕೃತ ಯೋಜನೆಯ ಅಂದಾಜಿನ ಅರ್ಧಕ್ಕಿಂತಲೂ ಕಡಿಮೆಯಿತ್ತು. ಗೋಲ್ಡೆಂಬರ್ಗ್, ಯೋಹಾನ್ಸನ್, ವಿಲಿಯಮ್ಸ್ ಅವರೊಂದಿಗೆ ರೆಡ್ಡಿಯವರು ಬರೆದ 'ಎನರ್ಜಿ ಫಾರ್ ಎ ಸಸ್ಟೈನಬಲ್ ವರ್ಲ್ಡ್' (1988) ಈ ಚಿಂತನೆಯನ್ನು ಜಗತ್ತಿನ ಮುಂದಿಟ್ಟಿತು. ಮುಂದೆ ಅಸ್ತ್ರ 'ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ' ಎಂಬ ಹೆಸರು ಪಡೆಯಿತು.

ತರಗತಿಗೆ ಏನು?

ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ಪದವಿ ತರಗತಿಗಳಿಗೆ ಪರಿಸರ ಅಧ್ಯಯನ ಕಡ್ಡಾಯವಾಗಿ ಎರಡು ದಶಕಗಳಾದುವು. ಬಹಳ ಕಡೆ ಅದು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಉತ್ತೀರ್ಣರಾಗುವ ವಿಷಯವಾಗಿಬಿಟ್ಟಿದೆ. ಪಾಠ ಮಾಡುವ ಅಧ್ಯಾಪಕರು ಯಾರೋ, ವಿಭಾಗ ಯಾವುದೋ ಎಂಬಂತಾಗಿ, ಎಲ್ಲರಿಗೂ ಸೇರಿದ ವಿಷಯ ಯಾರಿಗೂ ಸೇರದಾಗಿದೆ. ಅಸ್ತ್ರದಲ್ಲಿ ರಸಾಯನ ವಿಜ್ಞಾನಿ ತನ್ನ ಶಾಸ್ತ್ರವನ್ನು ಬಿಟ್ಟುಕೊಡಲಿಲ್ಲ, ಸಿವಿಲ್ ಎಂಜಿನಿಯರೂ ಬಿಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಶಾಸ್ತ್ರದ ಅಳತೆಗೋಲನ್ನು ಹಿಡಿದು ಒಂದೇ ಒಲೆಯ ಮುಂದೆ ಕುಳಿತರು. ಹಲವು ಶಾಸ್ತ್ರಗಳ ತಿಳಿವಳಿಕೆ ಸ್ವಲ್ಪ ಸ್ವಲ್ಪ ಬೆರೆಸಿದರೆ ಅಂತರಶಿಸ್ತೀಯ ಅಧ್ಯಯನವಾಗದು. ತನ್ನ ಶಾಸ್ತ್ರ ಆಳವಾಗಿ ಗೊತ್ತಿದ್ದವರು ಒಂದೇ ಪ್ರಶ್ನೆಯನ್ನು ಹಂಚಿಕೊಂಡಾಗ ಆಗುತ್ತದೆ.

ಇದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಒಂದು ತಕ್ಕಡಿ, ಒಂದು ಉಷ್ಣಮಾಪಕ, ಒಂದು ಗಡಿಯಾರ ಇದ್ದರೆ ಹಾಸ್ಟೆಲಿನ ಅಡುಗೆಮನೆಯ ದಕ್ಷತೆಯನ್ನು ಬಿ.ಎಸ್ಸಿ. ವಿದ್ಯಾರ್ಥಿಗಳು ಅಳೆಯಬಲ್ಲರು. ಇಂಧನಕ್ಕೆ ತಿಂಗಳಿಗೆ ಎಷ್ಟು ವೆಚ್ಚ, ಹೊಗೆ ಯಾರ ಕಣ್ಣಿಗೆ, ನೀರು ಎಲ್ಲಿಂದ ಎಂದು ಕೇಳುತ್ತ ಹೋದರೆ ಅರ್ಥಶಾಸ್ತ್ರ, ಜೀವವಿಜ್ಞಾನ, ಸಮಾಜಶಾಸ್ತ್ರಗಳ ಅಧ್ಯಾಪಕರನ್ನು ಕರೆಯಲೇಬೇಕಾಗುತ್ತದೆ. ಪಠ್ಯಕ್ರಮ ಬದಲಾಗುವವರೆಗೆ ಕಾಯದೆ, ಬರುವ ಸೆಮಿಸ್ಟರಿನ ಒಂದು ಪ್ರಾಜೆಕ್ಟನ್ನು ಹೀಗೆ ಆರಂಭಿಸಬಹುದು.