ಭಂಡಾರ ಕೆಟ್ಟಾಗ ಸರಿಪಡಿಸಿದವರು: ಆವೃತ್ತಿ ನಿಯಂತ್ರಣ ಸಾಧನಗಳ ದುರಸ್ತಿ ಮತ್ತು ನೆರವಿನ ಇತಿಹಾಸ

ಒಂದು ಕಡತವು ಕಾಲಕ್ರಮದಲ್ಲಿ ಪಡೆದ ಪ್ರತಿಯೊಂದು ರೂಪವನ್ನೂ, ಅದನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ತಿದ್ದಿದರೆಂಬ ವಿವರವನ್ನೂ ಕಾಪಿಟ್ಟುಕೊಂಡು, ಬೇಕೆಂದಾಗ ಹಳೆಯ ರೂಪವನ್ನು ಮರಳಿ ಕೊಡುವ ತಂತ್ರಾಂಶವನ್ನು ಆವೃತ್ತಿ ನಿಯಂತ್ರಣ ಸಾಧನ ಎನ್ನುತ್ತಾರೆ. ಇಂಥ ಸಾಧನಗಳ ಇತಿಹಾಸವನ್ನು ಅವುಗಳ ಒಳರಚನೆ ಹೇಗೆ ಸುಧಾರಿಸಿತೆಂಬ ಕತೆಯಾಗಿ ಬರೆಯುವುದೇ ರೂಢಿ. ಆದರೆ ಸಾಧನ ಕೆಟ್ಟಾಗ ಅಥವಾ ಬಳಸುವವನು ಎಡವಿದಾಗ ಯಾರನ್ನು ಕೇಳಬೇಕಿತ್ತು, ದುರಸ್ತಿಯ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಅದೇ ಐವತ್ತು ವರ್ಷಗಳು ಬೇರೆಯೇ ಆಗಿ ಕಾಣುತ್ತವೆ. ದುರಸ್ತಿಯ ಹೊಣೆ ಮೊದಲು ಗಣಕ ಕೇಂದ್ರದ ಸಿಬ್ಬಂದಿಯದಾಗಿತ್ತು, ಆಮೇಲೆ ಸರ್ವರ್ ನೋಡಿಕೊಳ್ಳುವ ಅಡ್ಮಿನ್‌ನದಾಯಿತು, ಕೊನೆಗೆ ಬಳಕೆದಾರನ ಹೆಗಲಿಗೇ ಬಂತು. ಹೊಣೆ ಕೆಳಗಿಳಿದಂತೆಲ್ಲ ಸಾಧನವೂ ಹೆಚ್ಚು ಹೆಚ್ಚು ಮಾತಾಡಬೇಕಾಯಿತು.

1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಅವರು ಐಬಿಎಂ ಸಿಸ್ಟಂ/370 ಯಂತ್ರಕ್ಕಾಗಿ ಸ್ನೋಬಾಲ್ ಭಾಷೆಯಲ್ಲಿ ರಚಿಸಿ, ಮುಂದೆ ಯುನಿಕ್ಸ್‌ಗಾಗಿ ಸಿ ಭಾಷೆಯಲ್ಲಿ ಮತ್ತೆ ಬರೆದ ಎಸ್‌ಸಿಸಿಎಸ್, ಅಂದರೆ ‘ಸೋರ್ಸ್ ಕೋಡ್ ಕಂಟ್ರೋಲ್ ಸಿಸ್ಟಂ’, ಈ ಪರಂಪರೆಯ ಮೊದಲ ಹೆಸರಾಂತ ಸಾಧನ. ಅದರ ದೋಷಸಂದೇಶಗಳು ಬಹಳ ಚುಟುಕಾಗಿದ್ದವು. ಕಡತದ ಹೆಸರನ್ನು ತಪ್ಪಾಗಿ ಕೊಟ್ಟವನಿಗೆ ಅದು ಎಸ್‌ಸಿಸಿಎಸ್ ಕಡತವಲ್ಲ ಎಂದಷ್ಟೇ ಹೇಳಿ, ಪಕ್ಕದ ಕಂಸದಲ್ಲಿ ‘ಸಿಒ1’ ಎಂಬ ಸಂಕೇತವನ್ನು ಅದು ಮುದ್ರಿಸುತ್ತಿತ್ತು. ಬಳಕೆದಾರ ಆ ಸಂಕೇತವನ್ನು ‘ಹೆಲ್ಪ್’ ಎಂಬ ಪ್ರತ್ಯೇಕ ಕಮಾಂಡಿಗೆ ಕೊಟ್ಟರೆ, ಎಸ್‌ಸಿಸಿಎಸ್ ಕಡತವೆಂದು ನೀವು ತಿಳಿದಿರುವ ಕಡತದ ಹೆಸರು ‘ಎಸ್’ ಅಕ್ಷರ ಮತ್ತು ಚುಕ್ಕಿಯಿಂದ ಆರಂಭವಾಗಿಲ್ಲ ಎಂಬ ವಿವರಣೆ ಬರುತ್ತಿತ್ತು. ಎಚ್ಚರಿಕೆಯನ್ನೂ ವಿವರಣೆಯನ್ನೂ ಹೀಗೆ ಎರಡಾಗಿ ಒಡೆದದ್ದು ಇಂದಿನವರಿಗೆ ಸುತ್ತುಬಳಸಿನ ದಾರಿಯಾಗಿ ತೋರಬಹುದು. ಆದರೆ ಕಾಗದದ ಮೇಲೆ ನಿಧಾನವಾಗಿ ಅಚ್ಚಾಗುವ ಟೆಲಿಟೈಪ್ ಯಂತ್ರದ ಮುಂದೆ ಕುಳಿತ, ಕೆಲಸ ಬಲ್ಲ ಪ್ರೋಗ್ರಾಮರನಿಗೆ ಅದೇ ಪಾಠವನ್ನು ಪ್ರತಿಸಲವೂ ಒಪ್ಪಿಸದೆ, ಕೇಳಿದವನಿಗೆ ಮಾತ್ರ ಹೇಳುವುದರಲ್ಲಿ ಒಂದು ಸೌಜನ್ಯವಿತ್ತು.

ಎಸ್‌ಸಿಸಿಎಸ್‌ನಲ್ಲಿ ನಿಜವಾದ ಅಪಾಯವಿದ್ದದ್ದು ಬೇರೆ ಕಡೆ. ಕಡತದ ಎಲ್ಲ ಆವೃತ್ತಿಗಳನ್ನೂ ಒಂದರೊಳಗೊಂದು ಹೆಣೆದು ಒಂದೇ ಕಡತದಲ್ಲಿ ಇಡಲಾಗುತ್ತಿದ್ದುದರಿಂದ, ಅದಕ್ಕೆ ಧಕ್ಕೆಯಾದರೆ ಇಡೀ ಇತಿಹಾಸವೇ ಕೈತಪ್ಪುವ ಭಯವಿತ್ತು. ಆದ್ದರಿಂದ ಆ ಕಡತದ ಮೊದಲ ಸಾಲಿನಲ್ಲೇ ಒಂದು ‘ಚೆಕ್‌ಸಮ್’ ಇರುತ್ತಿತ್ತು. ಅಂಗಡಿಯ ಖಾತೆ ಪುಸ್ತಕದಲ್ಲಿ ಪುಟದ ಕೊನೆಗೆ ಹಾಕುವ ಮೊತ್ತದಂತೆ, ಒಳಗಿನ ಅಕ್ಷರಗಳನ್ನೆಲ್ಲ ಅಂಕಿಗಳಾಗಿ ಕೂಡಿ ಪಡೆದ ತಾಳೆಯ ಸಂಖ್ಯೆ ಅದು. ಯಾರಾದರೂ ಆ ಕಡತವನ್ನು ಸಾಮಾನ್ಯ ಎಡಿಟರಿನಲ್ಲಿ ತೆರೆದು ತಿದ್ದಿದರೆ ಲೆಕ್ಕ ತಾಳೆಯಾಗದೆ, ಮುಂದಿನ ಕೆಲಸವನ್ನು ಸಾಧನವು ನಿರಾಕರಿಸುತ್ತಿತ್ತು. ಆಗ ಮಾಡಬೇಕಾದುದನ್ನು ಕೈಪಿಡಿ ಸ್ಪಷ್ಟವಾಗಿ ಹೇಳುತ್ತಿತ್ತು: ಸ್ಥಳೀಯ ಗಣಕ ಕೇಂದ್ರದ ನಿರ್ವಾಹಕರನ್ನು ಕಂಡು ಬ್ಯಾಕಪ್ ಪ್ರತಿಯನ್ನು ಮರಳಿ ಹಾಕಿಸಿಕೊಳ್ಳುವುದು ಉತ್ತಮ, ಹಾನಿ ಅಲ್ಪವಾಗಿದ್ದರೆ ಮಾತ್ರ ಎಡಿಟರಿನಿಂದ ಸರಿಪಡಿಸಿ ‘ಅಡ್ಮಿನ್’ ಕಮಾಂಡಿನ ಮೂಲಕ ಹೊಸ ಮೊತ್ತವನ್ನು ಬರೆಸಬಹುದು. ಹಾಗೆ ಹೊಸ ಮೊತ್ತ ಬರೆಸಿದ ಮೇಲೆ ಒಳಗೆ ಉಳಿದಿರಬಹುದಾದ ಹಾನಿಯನ್ನು ಇನ್ನು ಪತ್ತೆಹಚ್ಚಲಾಗದು ಎಂಬ ಎಚ್ಚರಿಕೆಯೂ ಅಲ್ಲೇ ಇತ್ತು. ದೋಷವನ್ನು ತಿದ್ದುವ ಉಪಾಯವೇ ದೋಷವನ್ನು ಮುಚ್ಚುವ ಉಪಾಯವೂ ಆಗಬಲ್ಲದೆಂಬ ಈ ಅರಿವು ಮುಂದಿನ ಅನೇಕ ಕೈಪಿಡಿಗಳಲ್ಲಿ ಇಷ್ಟು ನೇರವಾಗಿ ಕಾಣಸಿಗುವುದಿಲ್ಲ.

ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಕಿ ಅವರು 1982ರ ವೇಳೆಗೆ ರೂಪಿಸಿದ ಆರ್‌ಸಿಎಸ್, ಇತ್ತೀಚಿನ ಆವೃತ್ತಿಯನ್ನು ಇಡಿಯಾಗಿ ಇಟ್ಟುಕೊಂಡು ಹಳೆಯವನ್ನು ವ್ಯತ್ಯಾಸಗಳ ರೂಪದಲ್ಲಿ ಹಿಮ್ಮುಖವಾಗಿ ಉಳಿಸುವ ಕ್ರಮದಿಂದ ವೇಗವನ್ನು ಸಾಧಿಸಿತು. ನೆರವಿನ ಇತಿಹಾಸದಲ್ಲಿ ಅದರ ಮಹತ್ವ ಬೀಗದ ವಿಷಯದಲ್ಲಿದೆ. ಒಂದು ಕಡತವನ್ನು ತಿದ್ದಬೇಕಾದವನು ಮೊದಲು ಅದಕ್ಕೆ ‘ಲಾಕ್’ ಹಾಕಬೇಕಿತ್ತು, ಅದು ತೆರೆಯುವವರೆಗೆ ಬೇರೆಯವರು ತಮ್ಮ ತಿದ್ದುಪಡಿಯನ್ನು ಸೇರಿಸುವಂತಿರಲಿಲ್ಲ. ಬೀಗ ಹಾಕಿದವನು ರಜೆಯ ಮೇಲೆ ಹೋದರೆ ಉಳಿದವರ ಕೆಲಸ ನಿಲ್ಲುತ್ತಿತ್ತು, ಇದು ತಾಂತ್ರಿಕ ದೋಷಕ್ಕಿಂತ ಹೆಚ್ಚಾಗಿ ಸಹೋದ್ಯೋಗಿಗಳ ನಡುವಿನ ತಕರಾರು. ಟಿಕಿ ಅವರ ಪರಿಹಾರವೂ ಅದಕ್ಕೆ ತಕ್ಕಂತಿತ್ತು: ಇನ್ನೊಬ್ಬರ ಬೀಗವನ್ನು ಮುರಿಯಲು ಅವಕಾಶವುಂಟು, ಆದರೆ ಮುರಿಯುವವನಿಂದ ಸಾಧನವು ಒಂದು ವಿವರಣೆಯನ್ನು ಕೇಳಿ ಬರೆಸಿಕೊಂಡು, ಅದನ್ನು ಬೀಗದ ಒಡೆಯನಿಗೆ ಮೇಲ್ ಮೂಲಕ ತಾನೇ ಕಳುಹಿಸುತ್ತಿತ್ತು. ನಿಷೇಧ ಮತ್ತು ಸ್ವೇಚ್ಛೆಗಳ ನಡುವೆ ಲಿಖಿತ ಸಮಜಾಯಿಷಿಯನ್ನು ತಂದಿಟ್ಟ ಈ ಏರ್ಪಾಡು ಕಚೇರಿಗಳ ನಡವಳಿಕೆಯನ್ನು ಚೆನ್ನಾಗಿ ಬಲ್ಲವರ ಕೆಲಸ.

ಬೀಗವೇ ಬೇಡವೆಂಬ ವಿಚಾರ ಆಮ್‌ಸ್ಟರ್‌ಡ್ಯಾಮಿನ ವ್ರೈಯೆ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಅಲ್ಲಿ ಡಿಕ್ ಗ್ರೂನೆ ಅವರು 1984–85ರಲ್ಲಿ ಇಬ್ಬರು ವಿದ್ಯಾರ್ಥಿಗಳೊಡನೆ ಒಂದು ಸಿ ಕಂಪೈಲರನ್ನು ರಚಿಸುತ್ತಿದ್ದರು. ಒಬ್ಬ ವಿದ್ಯಾರ್ಥಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ದುಡಿಯುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಗ್ರೂನೆ ಅವರಿಗೆ ಬಿಡುವು ಸಿಗುತ್ತಿದ್ದುದು ಸಂಜೆ ಮಾತ್ರ. ಹೀಗಿರುವಾಗ ಪ್ರತಿಯೊಬ್ಬರೂ ತಮ್ಮ ಪ್ರತಿಯಲ್ಲಿ ತಿದ್ದಿ ಆಮೇಲೆ ಒಟ್ಟುಗೂಡಿಸುವ ಸ್ಕ್ರಿಪ್ಟುಗಳನ್ನು ಆರ್‌ಸಿಎಸ್‌ನ ಮೇಲೆ ಅವರು ಕಟ್ಟಿದರು. 1986ರಲ್ಲಿ ಸಾರ್ವಜನಿಕವಾದ ಇದೇ ಸಿವಿಎಸ್, ಬ್ರಯನ್ ಬರ್ಲಿನರ್ ಅವರು 1989ರಲ್ಲಿ ಸಿ ಭಾಷೆಯಲ್ಲಿ ಮರುರಚಿಸಿದ ಮೇಲೆ, ಮುಂದಿನ ದಶಕದಲ್ಲಿ ಮುಕ್ತ ತಂತ್ರಾಂಶ ಲೋಕದ ಸಾಮಾನ್ಯ ಸಾಧನವಾಯಿತು.

ಸಿವಿಎಸ್ ಬಳಸಿದವರ ಸಂಕಷ್ಟಗಳು ಎರಡು ಬಗೆಯವು. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದಾಗ ಉಂಟಾಗುವ ‘ಕಾನ್‌ಫ್ಲಿಕ್ಟ್’ ಅಥವಾ ಘರ್ಷಣೆ ಮೊದಲನೆಯದು. ಸಾಧನವು ಎರಡೂ ಪಾಠಗಳನ್ನು ಬಾಣದ ಗುರುತುಗಳ ಸಾಲುಗಳ ನಡುವೆ ಕಡತದಲ್ಲೇ ಬರೆದಿಟ್ಟು, ಯಾವುದನ್ನು ಉಳಿಸಬೇಕೆಂಬ ನಿರ್ಧಾರವನ್ನು ಮನುಷ್ಯನಿಗೆ ಬಿಡುತ್ತಿತ್ತು. ಸಾಧನವು ನಿರ್ವಹಣೆಗೂ, ಸಹೋದ್ಯೋಗಿಗಳ ನಡುವಿನ ಮಾತುಕತೆಗೂ ಬದಲಿಯಲ್ಲವೆಂದು ಕೈಪಿಡಿ ಮೊದಲೇ ಸಾರಿದ್ದು ಈ ಕಾರಣದಿಂದಲೇ. ಎರಡನೆಯದು ಸರ್ವರಿಗೆ ಸಂಬಂಧಿಸಿದ್ದು. ‘ರೆಪಾಸಿಟರಿ’ ಎನ್ನುವ ಭಂಡಾರವು ದೂರದ ಯಂತ್ರದಲ್ಲಿದ್ದು, ಕೆಲಸದ ನಡುವೆ ಸಂಪರ್ಕ ಕಡಿದರೆ ಅಲ್ಲಿ ತಾತ್ಕಾಲಿಕ ಬೀಗದ ಕಡತಗಳು ಹಾಗೆಯೇ ಉಳಿದು, ಮುಂದೆ ಬಂದವರಿಗೆಲ್ಲ ಇಂಥವರ ಬೀಗಕ್ಕಾಗಿ ಕಾಯಲಾಗುತ್ತಿದೆ ಎಂಬ ಸಂದೇಶ ಅರ್ಧ ನಿಮಿಷಕ್ಕೊಮ್ಮೆ ಕಾಣಿಸುತ್ತಿತ್ತು. ಆ ಹೆಸರಿನವರ ಪ್ರಕ್ರಿಯೆ ನಿಜಕ್ಕೂ ನಡೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡು ಬೀಗದ ಕಡತವನ್ನು ಅಳಿಸುವುದು ಪರಿಹಾರ. ಅದಕ್ಕೆ ಸರ್ವರಿನ ಒಳಕ್ಕೆ ಪ್ರವೇಶ ಬೇಕು, ಅದು ಅಡ್ಮಿನ್‌ಗೆ ಮಾತ್ರ ಇರುತ್ತಿತ್ತು.

ಈ ಘಟ್ಟದಲ್ಲಿ ನೆರವು ಒಂದು ಬರವಣಿಗೆಯ ಪ್ರಕಾರವಾಗಿ, ಸ್ವಲ್ಪಮಟ್ಟಿಗೆ ಒಂದು ವ್ಯಾಪಾರವಾಗಿಯೂ ರೂಪುಗೊಂಡಿತು. ಸ್ವೀಡನ್ನಿನ ಸಿಗ್ನಮ್ ಸಪೋರ್ಟ್ ಎಂಬ ಕಂಪನಿಯಲ್ಲಿದ್ದ ಪೇರ್ ಸೆಡರ್‌ಕ್ವಿಸ್ಟ್ ಅವರು 1992ರಿಂದ ಬರೆದ ಸಿವಿಎಸ್ ಕೈಪಿಡಿಯು ಎಷ್ಟು ಬಳಕೆಯಾಯಿತೆಂದರೆ ಜನ ಅದನ್ನು ಲೇಖಕರ ಹೆಸರಿನಿಂದಲೇ ಕರೆಯತೊಡಗಿದರು. ಅದರ ಅನುಬಂಧದಲ್ಲಿ ದೋಷಸಂದೇಶಗಳ ಅಕಾರಾದಿ ಪಟ್ಟಿಯಿದ್ದು, ಪ್ರತಿಯೊಂದರ ಕಾರಣ ಮತ್ತು ಉಪಾಯಗಳನ್ನು ವಿವರಿಸಲಾಗಿದೆ. ಸರ್ವರ್ ಸ್ಪಂದಿಸದಿದ್ದಾಗ ಅಲ್ಲಿ ಸೂಚಿಸಿರುವ ಪರೀಕ್ಷೆ ಸೊಗಸಾಗಿದೆ: ‘ಟೆಲ್ನೆಟ್’ ಮೂಲಕ ಸರ್ವರಿನ 2401ನೇ ಪೋರ್ಟಿಗೆ ಸಂಪರ್ಕಿಸಿ, ‘ಫೂ’ ಎಂಬ ಅರ್ಥವಿಲ್ಲದ ಪದವನ್ನು ಟೈಪ್ ಮಾಡಬೇಕು. ಇದು ಸರಿಯಾದ ಆರಂಭವಲ್ಲವೆಂದು ಸರ್ವರ್ ಬೈದರೆ ಎಲ್ಲವೂ ಸರಿಯಾಗಿದೆಯೆಂದು ತಿಳಿಯಬೇಕು. ಬದಲಾಗಿ ಸಿವಿಎಸ್ ಬಳಸುವ ವಿಧಾನದ ಸಾರಾಂಶ ಬಂದರೆ, ಸರ್ವರಿನ ಸಂರಚನಾ ಕಡತದ ಸಾಲಿನ ಕೊನೆಯಲ್ಲಿ ಒಂದು ಪದ ಬಿಟ್ಟುಹೋಗಿದೆಯೆಂದು ಅರ್ಥ. ಬರುವ ಬೈಗುಳದ ಬಗೆಯಿಂದಲೇ ರೋಗವನ್ನು ಗುರುತಿಸುವ ಇಂಥ ವಿಧಾನವನ್ನು ಸಾಧನದ ಒಳಹೊರಗನ್ನು ಬಲ್ಲವರಷ್ಟೇ ಬರೆದುಕೊಡಬಲ್ಲರು.

ಇದೇ ಕಾಲದಲ್ಲಿ ದೊಡ್ಡ ಸಂಸ್ಥೆಗಳು ಬಳಸುತ್ತಿದ್ದ ಕ್ಲಿಯರ್‌ಕೇಸ್‌ನಂಥ ದುಬಾರಿ ಸಾಧನಗಳು ಪೂರ್ಣಾವಧಿಯ ನಿರ್ವಾಹಕರನ್ನೇ ಬೇಡುತ್ತಿದ್ದವು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿಯೂ ‘ಕ್ಲಿಯರ್‌ಕೇಸ್ ಅಡ್ಮಿನ್’ ಎಂಬುದು ಪ್ರತ್ಯೇಕ ಹುದ್ದೆಯಾಗಿತ್ತು.

ಸಿವಿಎಸ್‌ನ ಕೊರತೆಗಳನ್ನು ನೀಗಿಸಲೆಂದು ಕೊಲ್ಯಾಬ್‌ನೆಟ್ ಸಂಸ್ಥೆ 2000ದಲ್ಲಿ ಆರಂಭಿಸಿ 2004ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದ ಸಬ್‌ವರ್ಷನ್, ಅಡ್ಮಿನ್ ಯುಗದ ಕೊನೆಯ ದೊಡ್ಡ ಸಾಧನ. ಅದರ ಭಂಡಾರ ಮೊದಲಿಗೆ ಬರ್ಕ್ಲಿ ಡಿಬಿ ಎಂಬ ದತ್ತಸಂಚಯದಲ್ಲಿರುತ್ತಿದ್ದು, ಯಾವುದಾದರೂ ಪ್ರಕ್ರಿಯೆ ಅರ್ಧಕ್ಕೇ ಸತ್ತರೆ ದತ್ತಸಂಚಯ ಸಿಕ್ಕಿಹಾಕಿಕೊಂಡು ಉಳಿದವರೆಲ್ಲ ಸುಮ್ಮನೆ ಕಾಯುವಂತಾಗುತ್ತಿತ್ತು. ಇದಕ್ಕೆ ‘ರಿಕವರ್’ ಎಂಬ ಕಮಾಂಡ್ ಇತ್ತು. ಆದರೆ ಅದನ್ನು ಸರ್ವಾಧಿಕಾರಿಯಾದ ‘ರೂಟ್’ ಬಳಕೆದಾರನಾಗಿ ನಡೆಸಿದರೆ, ಮರುನಿರ್ಮಾಣಗೊಂಡ ಕಡತಗಳ ಒಡೆತನ ರೂಟ್‌ಗೆ ಹೋಗಿ, ಭಂಡಾರ ಸರಿಯಾದ ಮೇಲೂ ಸಾಮಾನ್ಯ ಬಳಕೆದಾರರಿಗೆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಇದನ್ನು ಸಾಧನದ ರಚನಕಾರರೇ ಬರೆದು ಉಚಿತವಾಗಿ ಹಂಚಿದ ಪುಸ್ತಕ ಒತ್ತಿ ಹೇಳಿತು. ಪುಸ್ತಕದ ಎಚ್ಚರಿಕೆಯಿಂದ ತೀರದ ಕಷ್ಟ ರಚನೆಯನ್ನೇ ಬದಲಿಸಿದಾಗ ತೀರಿತು: ಸಾಮಾನ್ಯ ಕಡತಗಳನ್ನೇ ಬಳಸುವ ಎಫ್‌ಎಸ್‌ಎಫ್‌ಎಸ್ ಎಂಬ ಹೊಸ ವ್ಯವಸ್ಥೆ 2004ರಲ್ಲಿ ಬಂದು, ಮರುವರ್ಷ ಹೊಸ ಭಂಡಾರಗಳಿಗೆ ಅದೇ ರೂಢಿಯ ಆಯ್ಕೆಯಾಯಿತು.

ಲಿನಕ್ಸ್ ಕರ್ನಲ್ ತಂಡ 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಆವೃತ್ತಿ ನಿಯಂತ್ರಣ ಸಾಧನದ ಉಚಿತ ಪರವಾನಗಿ ತಪ್ಪಿಹೋದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ಗಿಟ್ ರಚನೆಗೆ ತೊಡಗಿದರು. ಅದೇ ವರ್ಷದ ಜುಲೈನಲ್ಲಿ ಅದರ ನಿರ್ವಹಣೆ ಜೂನಿಯೊ ಹಮಾನೊ ಅವರ ಕೈಗೆ ಬಂತು. ಗಿಟ್‌ನಲ್ಲಿ ಪ್ರತಿಯೊಬ್ಬ ಬಳಕೆದಾರನ ಬಳಿಯೂ ಸಾಮಾನ್ಯವಾಗಿ ಇಡೀ ಭಂಡಾರವಿರುತ್ತದೆ. ಹಾಗಾಗಿ ಭಂಡಾರವನ್ನು ಕೆಡಿಸುವ ಶಕ್ತಿಯೂ ಸರಿಪಡಿಸುವ ಹೊಣೆಯೂ ಒಟ್ಟಿಗೇ ಅವನ ಪಾಲಿಗೆ ಬಂದವು. ಯಾವ ಬ್ರಾಂಚಿಗೂ, ಅಂದರೆ ಬದಲಾವಣೆಗಳ ಯಾವ ಹೆಸರಿಟ್ಟ ಕವಲಿಗೂ, ಸೇರದೆ ನಿಂತು ಮಾಡಿದ ಕಮಿಟ್‌ಗಳು, ಅಂದರೆ ಭಂಡಾರದಲ್ಲಿ ದಾಖಲಿಸಿದ ಬದಲಾವಣೆಗಳು, ಬೇರೆಡೆಗೆ ಸರಿದೊಡನೆ ಕಣ್ಣಿಗೆ ಕಾಣದಾಗುವುದು ಹೊಸಬರಿಗೆ ಎದುರಾಗುವ ಪ್ರಸಿದ್ಧ ಆಘಾತ. ಹೀಗೆ ಕವಲಿಲ್ಲದೆ ನಿಲ್ಲಲು ಅವಕಾಶ ಕೊಟ್ಟ 2007ರ 1.5.0 ಆವೃತ್ತಿಯೇ, ‘ರೆಫ್‌ಲಾಗ್’ ಎಂಬ ಹೆಜ್ಜೆಗುರುತುಗಳ ದಾಖಲೆಯನ್ನು ಬಳಕೆದಾರ ಕೇಳದಿದ್ದರೂ ಬರೆದಿಡುವಂತೆ ಮಾಡಿತು. ಯಾವ ಕವಲಿನಿಂದಲೂ ತಲುಪಲಾಗದ ಕಮಿಟ್‌ನ ನಮೂದನ್ನು ಅದು ರೂಢಿಯಂತೆ 30 ದಿನ ಉಳಿಸಿಕೊಳ್ಳುವುದರಿಂದ, ಕಳೆದುಹೋಯಿತೆಂದು ಕೈಚೆಲ್ಲಿದ ಕೆಲಸ ಬಹುಪಾಲು ಸಲ ಮರಳಿ ಸಿಗುತ್ತದೆ. ನಂತರದ ವರ್ಷಗಳಲ್ಲಿ ಗಿಟ್ ಇನ್ನೂ ಮುಂದೆ ಹೋಗಿ, ಇಷ್ಟು ಕಮಿಟ್‌ಗಳನ್ನು ಹಿಂದೆ ಬಿಟ್ಟು ಹೋಗುತ್ತಿದ್ದೀರಿ ಎಂದು ಎಚ್ಚರಿಸಿ, ಅವುಗಳನ್ನು ಉಳಿಸಿಕೊಳ್ಳುವ ಕಮಾಂಡನ್ನೂ ಕೆಳಗೇ ಬರೆದು ತೋರಿಸತೊಡಗಿತು. ಎಸ್‌ಸಿಸಿಎಸ್ ಬೇರೆಯಾಗಿಟ್ಟಿದ್ದ ಎಚ್ಚರಿಕೆ ಮತ್ತು ವಿವರಣೆಗಳು ಇಲ್ಲಿ ಒಂದಾದವು.

ಎಲ್ಲರ ಬಳಿಯೂ ಪ್ರತಿಯಿದ್ದ ಮಾತ್ರಕ್ಕೆ ಭಂಡಾರ ಸುರಕ್ಷಿತವೆಂಬ ನಂಬಿಕೆಗೆ 2013ರ ಮಾರ್ಚ್‌ನಲ್ಲಿ ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಯಲ್ಲಿ ಪೆಟ್ಟು ಬಿತ್ತು. ಮುಖ್ಯ ಸರ್ವರನ್ನು ಮತ್ತೆ ಚಾಲೂ ಮಾಡಿದಾಗ ಅದರ ಕಡತ ವ್ಯವಸ್ಥೆ ಹಾಳಾಗಿರುವುದು ಕಂಡುಬಂತು. ಸುಮಾರು 1,500 ಭಂಡಾರಗಳ ಪ್ರತಿಬಿಂಬಗಳನ್ನು ಇಟ್ಟುಕೊಂಡಿದ್ದ ಇತರ ಸರ್ವರುಗಳು ಮುಖ್ಯ ಸರ್ವರನ್ನು ಚಾಚೂತಪ್ಪದೆ ಅನುಸರಿಸುವಂತೆ ರಚಿತವಾಗಿದ್ದುದರಿಂದ, ಹಾನಿಯನ್ನೂ ಹಾಗೆಯೇ ನಕಲು ಮಾಡಿಕೊಂಡವು. ಒಂದು ಯಂತ್ರದಲ್ಲಿ ಕೆಡದೆ ಉಳಿದಿದ್ದ ಪ್ರತಿಗಳಿಂದ ಎಲ್ಲವನ್ನೂ ಮರಳಿ ಪಡೆಯಲಾಯಿತು. ಪ್ರತಿಬಿಂಬ ಮಾಡುವ ವಿಧಾನವು ತಾನು ನಕಲಿಸುವುದರ ಸಮಗ್ರತೆಯನ್ನು ಪೂರ್ತಿಯಾಗಿ ಪರೀಕ್ಷಿಸುವುದಿಲ್ಲವೆಂದು, ಅದಕ್ಕೆ ‘ಎಫ್‌ಎಸ್‌ಸಿಕೆ’ ಎಂಬ ತಪಾಸಣೆಯನ್ನು ಪ್ರತ್ಯೇಕವಾಗಿ ನಡೆಸಬೇಕೆಂದು ಅನೇಕರಿಗೆ ಮನವರಿಕೆಯಾದದ್ದು ಆಗಲೇ. ಅಡ್ಮಿನ್‌ನ ಕಾಲ ಮುಗಿಯಿತೆಂದವರು ಅವಸರಪಟ್ಟಿದ್ದರು.

ಗಿಟ್‌ನ ಇತ್ತೀಚಿನ ಬದಲಾವಣೆಗಳು ಬಳಕೆದಾರನ ತಪ್ಪನ್ನು ಸಾಧನದ ತಪ್ಪಾಗಿ ಒಪ್ಪಿಕೊಂಡ ಬಗೆಯವು. ‘ಚೆಕ್ಔಟ್’ ಎಂಬ ಒಂದೇ ಕಮಾಂಡ್ ಕವಲು ಬದಲಿಸುವುದಕ್ಕೂ, ಇನ್ನೂ ಕಮಿಟ್ ಮಾಡದ ತಿದ್ದುಪಡಿಗಳನ್ನು ಕೇಳದೆಯೇ ಅಳಿಸುವುದಕ್ಕೂ ಬಳಕೆಯಾಗುತ್ತಿದ್ದು, ಹಾಗೆ ಅಳಿದುದನ್ನು ರೆಫ್‌ಲಾಗ್ ಕೂಡ ಮರಳಿ ಕೊಡಲಾರದು. 2019ರಲ್ಲಿ ಅದರ ಕೆಲಸವನ್ನು ಹಂಚಿಕೊಳ್ಳಲು ‘ಸ್ವಿಚ್’ ಮತ್ತು ‘ರಿಸ್ಟೋರ್’ ಎಂಬ ಎರಡು ಹೊಸ ಕಮಾಂಡುಗಳು ಬಂದವು. 2020ರಲ್ಲಿ ಬಂದ ‘ಬಗ್‌ರಿಪೋರ್ಟ್’ ಕಮಾಂಡ್, ತೊಂದರೆಗೆ ಮೊದಲು ನೀವು ಮಾಡಿದ್ದೇನು, ಆಗಬೇಕೆಂದು ನಿರೀಕ್ಷಿಸಿದ್ದೇನು, ನಿಜವಾಗಿ ಆದದ್ದೇನು ಎಂದು ಅನುಭವಿ ವೈದ್ಯನ ಕ್ರಮದಲ್ಲಿ ವಿಚಾರಿಸಿ, ಯಂತ್ರದ ವಿವರಗಳನ್ನೂ ಸೇರಿಸಿ ವರದಿಯನ್ನು ಸಿದ್ಧಪಡಿಸುತ್ತದೆ.

ಸಾಧನದ ಮಾತು ಹೆಚ್ಚಿದರೆ ಓದುವವರ ಗಮನ ಹೆಚ್ಚುತ್ತದೆಂಬ ಖಾತರಿ ಮಾತ್ರ ಇಲ್ಲ. ಹಲವರು ಹಂಚಿಕೊಳ್ಳುವ ಯಂತ್ರದಲ್ಲಿ ಬೇರೊಬ್ಬರು ಇಟ್ಟ ಭಂಡಾರದ ಮೂಲಕ ಕೇಡು ಬಗೆಯುವುದನ್ನು ತಡೆಯಲು, 2022ರ ಏಪ್ರಿಲ್‌ನಲ್ಲಿ ಗಿಟ್ ತನ್ನ ಬಳಕೆದಾರನ ಒಡೆತನದಲ್ಲಿಲ್ಲದ ಫೋಲ್ಡರಿನ ಭಂಡಾರವನ್ನು ತೆರೆಯಲು ನಿರಾಕರಿಸತೊಡಗಿತು. ಜೊತೆಗೆ ಆ ಒಂದು ಫೋಲ್ಡರಿಗೆ ವಿನಾಯಿತಿ ಕೊಡುವ ಕಮಾಂಡನ್ನೂ ದೋಷಸಂದೇಶದಲ್ಲೇ ಮುದ್ರಿಸಿತು. ಪ್ರತಿಸಲವೂ ಹೊಸದಾಗಿ ಹುಟ್ಟುವ ಕಂಟೇನರುಗಳಲ್ಲಿ ಸ್ವಯಂಚಾಲಿತವಾಗಿ ಕೋಡ್ ಕಟ್ಟುವ ವ್ಯವಸ್ಥೆಗಳು ಇದರಿಂದ ಒಮ್ಮೆಲೇ ಮುಗ್ಗರಿಸಿದವು. ಕೆಲವೇ ದಿನಗಳೊಳಗೆ ಬಂದ ಇನ್ನೊಂದು ಆವೃತ್ತಿ, ಫೋಲ್ಡರಿನ ಹೆಸರಿರಬೇಕಾದಲ್ಲಿ ನಕ್ಷತ್ರ ಚಿಹ್ನೆಯನ್ನು ಬರೆದರೆ ಪರೀಕ್ಷೆಯನ್ನೇ ಪೂರ್ತಿ ಕೈಬಿಡುವ ಅವಕಾಶವನ್ನು ಕೊಟ್ಟಿತು. ಆ ಒಂದು ಸಾಲು ಈಗ ಅಸಂಖ್ಯ ಸಂರಚನಾ ಕಡತಗಳಲ್ಲಿ ಯಾರೂ ಮರುಯೋಚಿಸದೆ ಕುಳಿತಿದೆ.