ಲೂಯಿಸ್ ಅಧ್ಯಯನಕ್ಕೆ ಎದುರಾಳಿಗಳ ಕೊಡುಗೆ

ಸಿ.ಎಸ್. ಲೂಯಿಸ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನಾರ್ನಿಯಾ ಸಿನಿಮಾದ ಸಿಂಹ. ಚರ್ಚಿನ ವಲಯದವರಿಗೆ ಅವರು ‘ಮಿಯರ್ ಕ್ರಿಶ್ಚಿಯಾನಿಟಿ’ ಬರೆದ ಧರ್ಮಸಮರ್ಥಕರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಮಧ್ಯಯುಗದ ಸಾಹಿತ್ಯದ ವಿದ್ವಾಂಸರು. 1963ರ ನವೆಂಬರ್ 22ರಂದು, ಕೆನಡಿ ಹತ್ಯೆಯಾದ ದಿನವೇ, ತೀರಿಕೊಂಡ ಅವರ ಬಗ್ಗೆ ಪುಸ್ತಕಗಳು ಇಂದಿಗೂ ಬರುತ್ತಲೇ ಇವೆ. ಹಲವು ಬರೀ ಭಜನೆ. ಈ ಅಧ್ಯಯನಕ್ಕೆ ಕಸುವು ಬಂದದ್ದು ಅವರಿಗೆ ಎದುರಾಡಿದವರಿಂದ.

ಮೊದಲಿಗರಲ್ಲಿ ಒಬ್ಬರು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು, ಭುವನೇಶ್ವರದಲ್ಲಿ ಕಣ್ಮುಚ್ಚಿದ ಅದೇ ಹಾಲ್ಡೇನ್. ಲೂಯಿಸ್‌ರ ಅಂತರಿಕ್ಷ ಕಾದಂಬರಿಗಳು ವಿಜ್ಞಾನಿಗಳಿಗೆ ಮಸಿ ಬಳಿಯುತ್ತವೆ ಎಂದು 1946ರಲ್ಲೇ ಅವರು ಹರಿಹಾಯ್ದರು. ತನ್ನ ತಕರಾರು ವಿಜ್ಞಾನದ ಮೇಲಲ್ಲ, ಅದನ್ನೇ ಸರ್ವಸ್ವವೆಂದು ಪೂಜಿಸುವುದರ ಮೇಲೆ ಎಂದು ಲೂಯಿಸ್ ಉತ್ತರ ಬರೆದರಾದರೂ ಅದು ಅಚ್ಚಾದದ್ದು ಅವರು ಸತ್ತ ಮೇಲೆ, 1966ರಲ್ಲಿ.

ಇನ್ನೂ ಗಟ್ಟಿ ಪೆಟ್ಟು ಕೊಟ್ಟವರು ತತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್ಸ್‌ಕೂಂಬ್. ಪ್ರಕೃತಿಯಾಚೆಗೆ ಏನೂ ಇಲ್ಲವಾದರೆ ನಮ್ಮ ಯೋಚನೆಗಳೂ ವಿವೇಚನೆಯಿಲ್ಲದ ಕಾರಣಗಳ ಫಲ. ಹಾಗಾದರೆ ಪ್ರಕೃತಿಯೇ ಎಲ್ಲ ಎಂಬ ಯೋಚನೆಯನ್ನಾದರೂ ನಂಬುವುದೇಕೆ? 1947ರ ‘ಮಿರಕಲ್ಸ್’ನಲ್ಲಿ ಲೂಯಿಸ್ ಹೂಡಿದ ವಾದ ಇದು. ವಿವೇಚನೆಗೆ ಹೊರತಾದದ್ದು ಬೇರೆ, ವಿವೇಚನೆಗೆ ವಿರುದ್ಧವಾದದ್ದು ಬೇರೆ, ಲೂಯಿಸ್ ಇವೆರಡನ್ನೂ ಒಂದಾಗಿಸಿದ್ದಾರೆ ಎಂದು 1948ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡಿನ ಸಾಕ್ರಟಿಕ್ ಕ್ಲಬ್ಬಿನಲ್ಲಿ ಆಕೆ ಪಟ್ಟು ಹಿಡಿದರು. ಆಕೆಯೂ ಕ್ರೈಸ್ತರೇ, ಶ್ರದ್ಧಾವಂತ ಕ್ಯಾಥೊಲಿಕ್, ವಯಸ್ಸು ಇನ್ನೂ 28! ಈ ಸೋಲಿನಿಂದ ಕಂಗೆಟ್ಟೇ ಲೂಯಿಸ್ ಮಕ್ಕಳ ಕತೆಗೆ ಇಳಿದರೆಂಬ ಮಾತು ಬಹುಕಾಲ ಓಡಾಡಿತು. ನನಗದು ಕಟ್ಟುಕತೆಯಾಗಿ ಕಾಣುತ್ತದೆ. ‘ಮಿರಕಲ್ಸ್’ನ 1960ರ ಆವೃತ್ತಿಗೆ ಅವರು ಈ ವಾದವಿದ್ದ ಅಧ್ಯಾಯವನ್ನೇ ತಿದ್ದಿ ಬರೆದರು, ಆ ಪ್ರಾಮಾಣಿಕತೆಯನ್ನು ಆನ್ಸ್‌ಕೂಂಬ್ ಮುಂದೆ ಮೆಚ್ಚಿಕೊಂಡರು. ತತ್ವಶಾಸ್ತ್ರಜ್ಞ ಆಲ್ವಿನ್ ಪ್ಲಾಂಟಿಂಗಾ 1990ರ ದಶಕದಲ್ಲಿ ಹಿಡಿದದ್ದೂ ಲೂಯಿಸ್‌ರ ಈ ವಾದದ ಜಾಡನ್ನೇ.

ವಿಕಾಸವಾದದ ವಿಚಾರದಲ್ಲಿ ಲೂಯಿಸ್‌ರನ್ನು ಎರಡೂ ಬಣದವರು ಎಳೆದಾಡುತ್ತಾರೆ. ಡಾರ್ವಿನ್‌ನನ್ನು ಖಂಡಿಸುವ ತಮ್ಮ ಪುಸ್ತಕಕ್ಕೆ ವಿಕಾಸವಾದದ ವಿರೋಧಿ ಬರ್ನಾರ್ಡ್ ಆಕ್ವರ್ತ್ ಮುನ್ನುಡಿ ಕೇಳಿದಾಗ ಲೂಯಿಸ್ ಒಲ್ಲೆನೆಂದರು. ಆದರೆ ಅದೇ ಆಕ್ವರ್ತ್‌ಗೆ ಬರೆದ ಪತ್ರಗಳಲ್ಲಿ ವಿಕಾಸವಾದದ ಬಗ್ಗೆ ಲೂಯಿಸ್‌ರ ಅನುಮಾನ ಬರಬರುತ್ತಾ ಬಲಿಯುವುದೂ ಕಾಣುತ್ತದೆ.

ಎದುರಾಳಿಗಳಾಚೆ ನೋಡಿದರೆ, ನಂಬಿಕೆ, ವಿಜ್ಞಾನ, ಕಲ್ಪನೆಗಳನ್ನು ಒಟ್ಟಿಗೆ ಓದಿದ ದಿಟ್ಟ ಪ್ರಯತ್ನವೆಂದರೆ 2008ರಲ್ಲಿ ಬಂದ ಮೈಕಲ್ ವಾರ್ಡ್ ಅವರ ‘ಪ್ಲಾನೆಟ್ ನಾರ್ನಿಯಾ’. ಏಳು ನಾರ್ನಿಯಾ ಪುಸ್ತಕಗಳಿಗೆ ಮಧ್ಯಯುಗದ ಏಳು ಗ್ರಹಗಳೇ ಆಧಾರ ಎಂಬುದು ವಾರ್ಡ್ ಪ್ರತಿಪಾದನೆ. ರಾಹು ಕೇತು ಬಿಟ್ಟರೆ ನಮ್ಮ ಪಂಚಾಂಗದವೇ! ಹಿಮ ಕರಗಿ ರಾಜ ಮರಳುವ ಮೊದಲ ಕತೆಗೆ ಗುರು, ಎಲ್ಲ ಮುಗಿಯುವ ಕೊನೆಯ ಕತೆಗೆ ಶನಿ. ಕೆಲವು ಕಡೆ ಎಳೆದು ತಂದಂತಿದೆ, ನಿಜ. ಆದರೂ ವಿಜ್ಞಾನವಾಗಿ ಬಿದ್ದುಹೋದ ವಿಶ್ವಚಿತ್ರವೊಂದು ಕಲ್ಪನೆಯಲ್ಲಿ ಬದುಕಬಲ್ಲದು ಎಂಬ ಲೂಯಿಸ್‌ರ ಮುಖ್ಯ ಒಳನೋಟವನ್ನು ವಾರ್ಡ್ ಸರಿಯಾಗಿ ಹಿಡಿದಿದ್ದಾರೆ.

ಆ ಒಳನೋಟ ಸ್ವತಃ ಲೂಯಿಸ್‌ರ ಮಾತಿನಲ್ಲೇ ಸಿಗುವುದು 1964ರ ‘ದಿ ಡಿಸ್ಕಾರ್ಡೆಡ್ ಇಮೇಜ್’ನಲ್ಲಿ. ಹೊಸ ಓದುಗರು ಅಲ್ಲಿಂದಲೇ ಶುರು ಮಾಡಲಿ, ಧರ್ಮಸಮರ್ಥನೆಯ ಪುಸ್ತಕಗಳನ್ನು ಆಮೇಲೆ ಓದಿದರಾಯಿತು.